ಹನ್ನೊಂದನೇ ಟ್ರೆಂಚಿನ ಗೋಡೆ

ಸ್ಕ್ಯಾನರಿನ ಬೆಳಕು ಹಳೆಯ ನೋಟ್‌ಬುಕ್ಕಿನ ಪುಟದಡಿ ಸರಿದು ಹೋಯಿತು, ಇನ್ನೊಂದು ಪುಟ, ಅಜ್ಜಿ, ಯುವರ್ ಹ್ಯಾಂಡ್‌ರೈಟಿಂಗ್ ಈಸ್ ಸೋ ನೀಟ್, ಎನ್ನುತ್ತಾಳೆ ಮೊಮ್ಮಗಳು ತಾನ್ಯಾ, ನೀಟಾಗಿರದೆ ಏನು, ಸುಳ್ಳು ಬರೆಯುವಾಗ ಈ ಕೈ ನಡುಗಿದ್ದೇ ಇಲ್ಲ ಎಂದು ಸತ್ಯಭಾಮಾ ಹಲ್ಲು ಕಚ್ಚಿದರು — ಐವತ್ತು ವರ್ಷದ ಹಿಂದೆ, ಇರಾಕಿನ ಬಯಲಲ್ಲಿ, ಸುಮೇರಿಯನ್ನರ ಲಗಾಶ್ ಪಟ್ಟಣವನ್ನು ಅಗೆಯುವ ತಂಡಕ್ಕೆ ಮಣ್ಣು ಪರೀಕ್ಷಿಸಲು ಹೋದ ಮೈಸೂರಿನ ಹುಡುಗಿ, ಪ್ರೊಫೆಸರು ಜ್ವರ ಬಂದು ಮಲಗಿದ ಎರಡು ದಿನ ಹನ್ನೊಂದನೇ ಟ್ರೆಂಚು ಅವಳ ಸುಪರ್ದಿಗೆ, ಅಷ್ಟು ಸಾಕಾಯಿತು, ಈಗ ಅಮೆರಿಕದ ಬರ್ಲಿಂಗ್ಟನ್ನಿನ ಈ ಊಟದ ಮೇಜಿಗೆ ಆ ತಂಡದವರ ಇಮೇಲು ಬಂದಿದೆ, ಅಂತಿಮ ವರದಿ ಅಚ್ಚಿಗೆ ಹೋಗುತ್ತಿದೆ, ಊರಿನ ಗೋಡೆ ನಿಮ್ಮ ಟ್ರೆಂಚಿನ ಹತ್ತಿರ ತಟ್ಟನೆ ನಿಂತುಹೋಗುತ್ತದೆ, ಅಲ್ಲಿ ಹೆಬ್ಬಾಗಿಲಿತ್ತೆ, ನಿಮ್ಮ ನೋಟ್‌ಬುಕ್ಕೇ ಸಾಕ್ಷಿ — ಹೆಬ್ಬಾಗಿಲಂತೆ! ವರದಿಗೆಂದು ಅದರ ಚಿತ್ರ ಬರೆದು ಎರಡು ಕತ್ತೆಗಳನ್ನೂ ಒಳಗೆ ಬಿಟ್ಟಿದ್ದಾರೆ, ಬಾಗಿಲೂ ಇಲ್ಲ ಗೀಗಿಲೂ ಇಲ್ಲ, ಇದ್ದದ್ದು ಹಸಿ ಇಟ್ಟಿಗೆಯ ಗೋಡೆ, ಸುತ್ತಲಿನ ಮಣ್ಣಿನದೇ ಬಣ್ಣ, ಅಗೆಯುವ ಜಾಸಿಮ್ ಕರಣೆಯ ತುದಿಯಿಂದ ಕೆರೆದು ನೋಡಿ, ಮಿಸ್, ಸ್ಲೋ, ವಾಲ್, ಎಂದ, ಇವಳು ಪುಸ್ತಕ ಓದಿ ಬಂದವಳಲ್ಲವೆ, ನೋ ವಾಲ್, ಡಿಗ್, ಎಂದಳು, ಅವನು ಗುದ್ದಲಿ ಎತ್ತಿದ, ಇನ್ನೊಂದು ಸಲ ಹೇಳಬಾರದಿತ್ತೆ ಮಹರಾಯ, ಸ್ವಲ್ಪ ಜೋರಾಗಿ — ನಾಲ್ಕೂವರೆ ಸಾವಿರ ವರ್ಷದ ಗೋಡೆ ಊಟದ ಹೊತ್ತಿಗೆ ಬುಟ್ಟಿಗಳಲ್ಲಿ ಹೊರಟುಹೋಯಿತು, ರೀ, ಏನ್ ಬರೀಲಿ ಇವರಿಗೆ, ಗಂಡ ಅಶೋಕ ಪೇಪರಿನಿಂದ ತಲೆ ಎತ್ತಲಿಲ್ಲ, ನೆನಪಿಲ್ಲ ಅಂತ ಬರೀ ಭಾಮಾ, ಗೋಡೆ ಎಲ್ಲಿ ಅಂತ ಆ ಊರಿನ ರಾಜ ಬಂದ್ ಕೇಳ್ತಾನಾ, ಈ ವಯಸ್ಸಲ್ಲಿ ಎಲ್ಲಾರೂ ನಂಬ್ತಾರೆ, ನಂಬುತ್ತಾರೆ, ಅದೇ ಉರಿ, ಅಜ್ಜಿ, ಇಲ್ಲಿ ನೋ ವಾಲ್ ಅಂತ ಬರೆದು ಕೆಳಗೆ ಟೂ ಲೈನ್ಸ್ ಹಾಕಿದೀರ, ಶುಡ್ ಐ ಸೆಂಡ್ ಇಟ್? — ಆ ಗೆರೆ ಎಳೆದದ್ದು ಯಾವಾಗ, ಸಂಜೆ, ಹೊರಗೆ ಸುರಿದ ಮಣ್ಣಿನ ಗುಡ್ಡೆಯಲ್ಲಿ ಅದು ಸಿಕ್ಕ ಮೇಲೆ, ಹೌದು, ಸಿಕ್ಕ ಮೇಲೆಯೇ, ತಾಳೇ ಪುಟ್ಟಿ, ಕಳಿಸಬೇಡ, ಲ್ಯಾಪ್‌ಟಾಪ್ ಇತ್ತ ಕೊಡು, ಬಾಗಿಲಿರಲಿಲ್ಲ, ಗೋಡೆಯಿತ್ತು, ಕಡಿಸಿದವಳು ನಾನು, ಗೊತ್ತಾದ ಮೇಲೂ — ಟೈಪಿಸುತ್ತಿದ್ದ ಬೆರಳು ಅಲ್ಲೇ ನಿಂತಿತು, ಸಿಕ್ಕಿದ್ದು ಆ ಗೋಡೆಯದೇ ಒಂದು ಇಟ್ಟಿಗೆ, ಉಬ್ಬಿದ ರೊಟ್ಟಿಯಂಥ ಬೆನ್ನು, ಅದರ ನಡುವೆ ಮಾಡಿದವನು ಹೆಬ್ಬೆರಳಿಂದ ಒತ್ತಿದ ಗುಳಿ, ಇಂದಿಗೂ ಹಿಟ್ಟು ನಾದುವಾಗೆಲ್ಲ ಕಣ್ಣೆದುರು ಎದ್ದು ಬರುವ ಗುಳಿ, ಅವಳ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತ್ತು, ಯಾರೂ ನೋಡಲಿಲ್ಲ, ಗುಡ್ಡೆಗೇ ಎಸೆದಳು, ಗೊತ್ತಾದ ಮೇಲೂ, ಗೊತ್ತಾದ ಮೇಲೂ — ಗುಳಿ, ಅದರ ಅಂಚಿನಲ್ಲಿ ಉಗುರಿನ ಗೆರೆ