ಅಪ್ಪನಿಗೆಂದು ಇಟ್ಟ ಬಾಗಿಲು

"ಅಮ್ಮಾ, ಅಪ್ಪ ಬಾವಿಗೆ ಇಳಿಯೋದು ಇವತ್ತೇ ಅಲ್ವಾ?" ಎಂದು ಮಗಳು ಕೇಳಿದಾಗ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ.

"ಇವತ್ತೇ. ಯಾಕೆ?"

ತಿಂಗಳ ಮೊದಲ ಮಂಗಳವಾರ ಇವರು ಪಂಪ್‌ಹೌಸಿನ ಬಾವಿಗೆ ಇಳಿದು, ಪಂಪಿನ ಬಾಯಿಗೆ ಹಾಕಿರುವ ಜಾಲರಿಯಿಂದ ಕಸ ಕಿತ್ತು ತೆಗೆಯುತ್ತಾರೆ. ಮೂವತ್ತೊಂದು ವರ್ಷದಿಂದ ಅದೇ ಮಂಗಳವಾರ. ಅದು ಮಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೇಳಿದಳು ಎಂದು ತಲೆ ಎತ್ತಿ ನೋಡಿದರೆ ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಯಾರೋ ಒಳಗೆ ಬಂದಿದಾರಮ್ಮ."

ನಾನು ಬೀದಿ ಬಾಗಿಲ ಕಡೆ ತಿರುಗಿದೆ.

"ಇಲ್ಲಿಗಲ್ಲ. ಪಂಪುಗಳ ಪುಟಕ್ಕೆ."

ನಮ್ಮ ಹೊರಕೋಣೆಯ ಮೇಜೇ ಅವಳ ಆಫೀಸು. ನಲವತ್ತು ಪಂಪ್‌ಹೌಸುಗಳನ್ನು ಕೂತಲ್ಲಿಂದಲೇ ನಡೆಸುವ ವೆಬ್ ಪುಟವನ್ನು ನೀರಿನ ಇಲಾಖೆಗೆ ಬರೆದುಕೊಟ್ಟವಳು ಅವಳು. ಪ್ರತಿ ಪಂಪ್‌ಹೌಸಿನಲ್ಲೂ ಒಂದು ಪೆಟ್ಟಿಗೆ. ಪುಟದಲ್ಲಿ ಗುಂಡಿ ಒತ್ತಿದರೆ ಆ ಪೆಟ್ಟಿಗೆ ಪಂಪನ್ನು ಓಡಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ನಾನು ಮೇಜಿನ ಹತ್ತಿರ ಹೋದೆ. ಪರದೆಯ ಮೇಲೆ ಒಂದರಿಂದ ನಲವತ್ತರವರೆಗೆ ಅಂಕಿಗಳು, ಒಂದೊಂದರ ಮುಂದೆಯೂ ಒಂದು ದೀಪ. ಮೊದಲ ಆರು ದೀಪ ತಲೆಕೆಳಗಾಗಿದ್ದವು. ನಿಂತಿರಬೇಕಾದ ಪಂಪು ಓಡುತ್ತಿತ್ತು, ಓಡಬೇಕಾದದ್ದು ನಿಂತಿತ್ತು. ನಾನು ನೋಡನೋಡುತ್ತಿದ್ದಂತೆ ಏಳನೆಯದೂ ಬದಲಾಯಿತು.

"ಸಾಲಾಗಿ ಬರ್ತಿದಾನೆ. ಒಂದಕ್ಕೆ ಎರಡು ನಿಮಿಷ ತಗೋತಿದಾನೆ," ಎಂದಳು.

ಇವರ ಪಂಪ್‌ಹೌಸಿನ ಅಂಕಿ ಹತ್ತೊಂಬತ್ತು.

"ಫೋನ್ ಮಾಡೇ ನಿಮ್ಮಪ್ಪಂಗೆ!"

"ಎಂಟು ಸಲ ಮಾಡ್ದೆ. ಶರ್ಟಿನ ಜೊತೆ ಮೊಳೆಗೆ ನೇತು ಹಾಕಿ ಇಳಿದಿರ್ತಾರೆ. ಪಕ್ಕದ ಪಂಪಿನ ಸದ್ದಿಗೆ ಕೇಳಿಸುತ್ತಾ ಅದು?"

ಅಲ್ಲಿ ಎರಡು ಪಂಪು, ಎರಡು ಬಾವಿ. ಒಂದನ್ನು ನಿಲ್ಲಿಸಿ ತೊಳೆಯುವಾಗ ಇನ್ನೊಂದು ಗುಡುಗುತ್ತಲೇ ಇರುತ್ತದೆ. ಜೊತೆಗಾರ ನಿವೃತ್ತನಾಗಿ ಎರಡು ವರ್ಷವಾದರೂ ಬದಲಿ ಬಂದಿರಲಿಲ್ಲ.

"ಹಂಗಾದ್ರೆ ಅವನು ಬರೋ ದಾರಿ ಮುಚ್ಚು."

"ಮುಚ್ಚೋದು ಸುಲಭ ಅಮ್ಮ. ಆರು ಸಾಲು ಕೋಡ್ ಅಳಿಸೋದು ಅಷ್ಟೇ, ಅಳಿಸಿನೂ ಆಯ್ತು. ಆದ್ರೆ ಹೊಸದನ್ನ ಪೆಟ್ಟಿಗೆಗೆ ಕಳಿಸಿದ್ರೆ ಅದು ಒಂದ್ಸಲ ಆರಿ ಮತ್ತೆ ಹತ್ಕೊಳುತ್ತೆ. ಹತ್ಕೊಂಡ ತಕ್ಷಣ ಎರಡೂ ಪಂಪು ತಾವಾಗೇ ಶುರು ಆಗ್ತವೆ. ಕರೆಂಟು ಹೋಗಿ ಬಂದಾಗ ಊರಿಗೆ ನೀರು ನಿಲ್ಲಬಾರ್ದು ಅಂತ ನಾನೇ ಹಾಗಿಟ್ಟಿದ್ದು. ಮುಚ್ಚಿದ್ರೆ ನಾನು ಓಡಿಸಿದ ಹಾಗೆ, ಬಿಟ್ರೆ ಅವನು ಓಡಿಸ್ತಾನೆ."

"ಅವನು ಓಡಿಸಿದ್ ಕೂಡ್ಲೆ ನೀನು ನಿಲ್ಲಿಸು."

"ನಡುವೆ ಎರಡು ಸೆಕೆಂಡು ಓಡುತ್ತಲ್ಲಮ್ಮ. ಅಪ್ಪನ ಕೈ ಜಾಲರಿ ಒಳಗಿರುತ್ತೆ."

ಆ ಪಂಪು ಒಂದು ಸಲ ನಾಯಿಯನ್ನು ಎಳೆದುಕೊಂಡದ್ದನ್ನು ಇವರು ಹೇಳಿದ್ದರು.

ಪೆಟ್ಟಿಗೆಗಳ ಇಂಟರ್ನೆಟ್ ಸಂಪರ್ಕವನ್ನೇ ಕಡಿಸೋಣವೆಂದು ಇನ್ನೊಂದು ಫೋನಿನಲ್ಲಿ ದೂರವಾಣಿ ಕಂಪನಿಯವರನ್ನು ಹಿಡಿದಿದ್ದಳು. ಅವರು ಸಂಗೀತ ಹಾಕಿ ಕೂರಿಸಿದ್ದರು. ನಮ್ಮ ಸಂಕಟದ ಮಧ್ಯೆ ಮೇಜಿನ ಮೇಲೆ ಆ ಕೊಳಲು ಊದುತ್ತಲೇ ಇತ್ತು.

"ಇಷ್ಟೆಲ್ಲ ಬೀಗ ಹಾಕಿದ್ದೀನಿ ಅಂತಿದ್ದೆ. ಎಲ್ಲಿಂದ ಬಂದ ಅವನು?"

ಮಗಳು ನನ್ನ ಮುಖ ನೋಡಲಿಲ್ಲ. "ಅಪ್ಪನ ಬಾಗಿಲಿಂದ."

ಆಗ ನನಗೆ ಎಲ್ಲವೂ ತಿಳಿಯಿತು. ಆರು ವರ್ಷದ ಹಿಂದೆ ಆ ಪುಟ ಹೊಸದಾಗಿ ಬಂದಾಗ ಇವರ ಪಾಡು ಕೇಳಬಾರದು. ಸ್ಪ್ಯಾನರು ಹಿಡಿದು ಹಿಡಿದು ದಪ್ಪಗಾದ ಬೆರಳು, ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು. ಮೂರು ಸಲ ಪಾಸ್‌ವರ್ಡ್ ತಪ್ಪಿದರೆ ಪುಟ ಕಾಲು ಗಂಟೆ ಮುನಿಸಿಕೊಳ್ಳುತ್ತಿತ್ತು. "ಇಪ್ಪತ್ತೈದು ವರ್ಷ ಕೆಲಸ ಮಾಡಿದ ಜಾಗದಲ್ಲಿ ನನ್ನನ್ನೇ ಯಾರು ನೀನು ಅಂತ ಕೇಳುತ್ತಲ್ಲೇ ಇದು" ಎಂದು ಇವರು ಅನ್ನ ಬಿಟ್ಟು ಎದ್ದ ದಿನ ಮಗಳು ಒಂದು ಗುಟ್ಟಿನ ವಿಳಾಸ ಮಾಡಿಕೊಟ್ಟಳು. ಅದನ್ನು ತೆರೆದರೆ ಪುಟ ಏನೂ ಕೇಳದೆ ಒಳಗೆ ಬಿಡುತ್ತಿತ್ತು. ಇವರೊಬ್ಬರಿಗೇ ಗೊತ್ತಿರುವ ಹಿತ್ತಲ ಬಾಗಿಲು ಎಂದುಕೊಂಡಿದ್ದೆವು. ಆಮೇಲೆ ಇಲಾಖೆಯವರು ಅದೇ ಪುಟವನ್ನು ನಲವತ್ತು ಕಡೆಗೂ ನಕಲು ಮಾಡಿಸಿದರು. ಬಾಗಿಲೂ ಜೊತೆಗೇ ಹೋಯಿತು. ನಾಳೆ ತೆಗೆದರಾಯಿತು, ನಾಡಿದ್ದು ತೆಗೆದರಾಯಿತು ಎಂದು ಮಗಳು ಆರು ವರ್ಷ ತಳ್ಳಿದ್ದಳು.

"ಫ್ಯೂಸು ತೆಗೆದಿಟ್ಟು ಇಳಿದಿದ್ರೆ ಇದ್ಯಾವ ಭಯನೂ ಇರ್ತಿರ್ಲಿಲ್ಲ," ಎಂದಳು. "ಅದನ್ನೂ ನಾವೇ ಬಿಡಿಸಿದ್ವಿ."

ನಾವೇ. ಹಿಂದೆಲ್ಲ ಬಾವಿಗೆ ಇಳಿಯುವ ಮುಂಚೆ ಇವರು ಆ ಪಂಪಿನ ಮೂರು ಫ್ಯೂಸು ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೋದ ವರ್ಷ ಒಂದು ದಿನ ವಾಪಸು ಸಿಕ್ಕಿಸಲು ಮರೆತು ಹಾಗೇ ಮನೆಗೆ ಬಂದರು. ಬಟ್ಟೆ ಒಗೆಯುವಾಗ ಕಲ್ಲಿನ ಮೇಲೆ ಠಣ್ಣೆಂದದ್ದು ಅದೇ. ಅಷ್ಟರಲ್ಲಿ ಅರ್ಧ ಊರಿಗೆ ನೀರಿಲ್ಲದೆ ಮೇಲಿನವರಿಂದ ನೋಟಿಸು ಬಂದಿತ್ತು. ಆಗ ಮಗಳು ಪುಟದಲ್ಲೇ "ದುರಸ್ತಿ" ಎಂಬ ಗುಂಡಿ ಇಟ್ಟು, "ಇದನ್ನ ಒತ್ತಿ ಇಳೀರಿ ಅಪ್ಪ, ಫ್ಯೂಸು ಗೀಸು ಬೇಡ" ಎಂದಳು. ನಾನೂ ಸೇರಿಕೊಂಡೆ. "ಓದಿದ ಮಗಳ ಮಾತು ಕೇಳ್ರೀ ಸ್ವಲ್ಪ" ಎಂದು ದಿನಾ ತಲೆ ತಿಂದವಳು ನಾನೇ. ಈಗ ಒಳಗೆ ಬಂದವನಿಗೆ ಆ ಗುಂಡಿಯನ್ನು ಬಿಡಿಸುವುದು ಎಷ್ಟು ಹೊತ್ತಿನ ಕೆಲಸ?

"ಒಂಬತ್ತು," ಎಂದಳು ಮಗಳು. "ಅಮ್ಮಾ, ನೀನು ಓಡು. ಗೋಡೆ ಮೇಲೆ ಕೆಂಪು ಹಿಡಿ ಇದೆ, ಕೆಳಕ್ಕೆಳಿ. ಎಲ್ಲ ನಿಲ್ಲುತ್ತೆ. ನಾನು ಇಲ್ಲಿಂದ ಎದ್ರೆ ಆಗಲ್ಲ."

ಪಂಪ್‌ಹೌಸಿಗೆ ಕಾಲುವೆಯ ಏರಿಯ ಮೇಲೆ ಇಪ್ಪತ್ತು ನಿಮಿಷದ ದಾರಿ. ಅದು ಮಂಡಿ ಸರಿಯಿರುವವರಿಗೆ. ನಾನು ಚಪ್ಪಲಿ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನೋಡಿಕೊಂಡೆ, ಎರಡೂ ಬೇರೆ ಬೇರೆ ಜೋಡಿಯವು. ಫೋನು ಕಿವಿಗೇ ಅಂಟಿತ್ತು. ಅದರೊಳಗೆ ಮಗಳು ಅಂಕಿ ಹೇಳುತ್ತಿದ್ದಳು. ಹನ್ನೊಂದು. ಹನ್ನೆರಡು. ಎದುರಿಗೆ ಬಂದವರೊಬ್ಬರು "ಎಲ್ಲಿಗೆ ಇಷ್ಟು ಅವಸರ?" ಎಂದರು. ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಹದಿಮೂರು. ಪಕ್ಕೆ ಹಿಡಿದುಕೊಂಡಿತು. ಎರಡು ಹೆಜ್ಜೆ ನಡೆದು ಮತ್ತೆ ಓಡಿದೆ. ಎಷ್ಟು ಸಲ ಬೈದಿದ್ದೆ ಇವರನ್ನು, ನಿಮ್ಮ ಹಳೇ ಚಾಳಿ ಬಿಡ್ರೀ ಎಂದು. ಬಿಡಿಸಿದ್ದಕ್ಕೆ ನಾನೇ ಓಡುತ್ತಿದ್ದೆ.

"ಅಮ್ಮಾ, ಜೋರಾಗಿ ಬರ್ತಿದಾನೆ. ಹದಿನಾರು. ಎಲ್ಲಿದೀಯ?"

"ಗೇಟು... ಕಾಣ್ತಿದೆ."

"ಹದಿನೇಳು. ಹದಿನೆಂಟು." ಆಮೇಲೆ ಅವಳು ಚಿಕ್ಕವಳಿದ್ದಾಗ ಕನಸಿನಲ್ಲಿ ಬೆಚ್ಚಿ ಕರೆಯುತ್ತಿದ್ದ ಧ್ವನಿಯಲ್ಲಿ, "ಅಮ್ಮಾ. ಹತ್ತೊಂಬತ್ತು. ದುರಸ್ತಿ ಗುಂಡಿ ಬಿಡಿಸ್ದ. ಓಡಿಸ್ದ. ನಾನು ನಿಲ್ಲಿಸ್ದೆ, ಮತ್ತೆ ಓಡಿಸ್ದ..."

ಗೇಟಿನಿಂದ ಬಾಗಿಲಿಗೆ ಮೂವತ್ತು ಹೆಜ್ಜೆ. ಒಳಗೆ ಗುಡುಗು. ಆ ಗುಡುಗು ಒಂದು ಪಂಪಿನದೋ ಎರಡರದೋ ನನಗೆ ಹೇಗೆ ಗೊತ್ತಾಗಬೇಕು? ಇವರು ಇಳಿದಿದ್ದ ಬಾವಿಯ ಪಂಪಿನ ಸ್ವಿಚ್ಚು ಹಲಗೆಯ ಮೇಲೆ ಹಸಿರು ದೀಪ ಹತ್ತಿ ಆರಿ, ಮತ್ತೆ ಹತ್ತಿತು. ಮೊಳೆಯಲ್ಲಿ ಇವರ ಶರ್ಟು ನೇತಾಡುತ್ತಿತ್ತು. ಆ ಸಮಯದಲ್ಲಿ ಏನು ತೋಚಿತೋ, ಮೊದಲು ಜೇಬಿಗೆ ಕೈ ಹಾಕಿದೆ. ಫೋನು ಸಿಕ್ಕಿತು. ಕನ್ನಡಕ ಸಿಕ್ಕಿತು. ಫ್ಯೂಸು ಇರಲಿಲ್ಲ.

ಕೆಂಪು ಹಿಡಿ ನನಗೆ ಎಟುಕುವುದಕ್ಕಿಂತ ಗೇಣು ಮೇಲಿತ್ತು. ಹಾರಿ ಹಿಡಿದು ಜೋತುಬಿದ್ದೆ. ಅದು ಅಲುಗಲಿಲ್ಲ. ಕಾಲೆರಡನ್ನೂ ಎತ್ತಿ ಮೈಭಾರವೆಲ್ಲ ಹಾಕಿದಾಗ ಧಡಕ್ಕನೆ ಕೆಳಗೆ ಬಂತು, ಜೊತೆಗೆ ನಾನೂ ನೆಲಕ್ಕೆ ಬಿದ್ದೆ.

ಎಲ್ಲ ಸದ್ದೂ ನಿಂತಿತು. ನೀರು ತೊಟ್ಟಿಕ್ಕುವುದು ಕೇಳಿಸುವಷ್ಟು ಮೌನ. ಬಾವಿಯ ಬಾಯಿಗೆ ತೆವಳಿಕೊಂಡು ಹೋಗಬೇಕು, ಹೋಗಿ ಬಗ್ಗಿ ನೋಡಬೇಕು. ನನ್ನಿಂದ ಆಗಲಿಲ್ಲ. ಬಗ್ಗಿದರೆ ಕಾಣುವುದನ್ನು ಆಮೇಲೆ ಕಾಣದ ಹಾಗೆ ಮಾಡಲಾಗುವುದಿಲ್ಲವಲ್ಲ.

ಕೆಳಗಿನಿಂದ ಬಾವಿಯೆಲ್ಲ ಮೊಳಗುವ ಹಾಗೆ ಒಂದು ಬೈಗುಳ ಬಂತು.

"ಯಾವನೋ ಅವನು ಮೇನ್ ಎಳೆದಿದ್ದು! ಊರಿಗೆ ನೀರು ಬೇಡ್ವೇನೋ?"

ನಾನು ಅಲ್ಲೇ ಕೂತು ಅಳತೊಡಗಿದೆ. ಇವರು ಏಣಿ ಹತ್ತಿ, ಪಾಚಿ ಮೆತ್ತಿದ ಮೈಯಲ್ಲಿ ಎದೆಯವರೆಗೆ ಮೇಲೆ ಬಂದು, ನನ್ನನ್ನು ನೋಡಿ ನಿಂತರು.

"ನೀನೇನೇ ಇಲ್ಲಿ? ಚಪ್ಪಲಿ ಯಾಕೆ ಹಂಗಿದೆ?"

"ಪಂಪು... ಓಡ್ಲಿಲ್ವಾ?"

"ಎಲ್ಲಿಂದ ಓಡುತ್ತೆ?" ಸೊಂಟಕ್ಕೆ ಸುತ್ತಿದ ಟವೆಲಿನ ಗಂಟು ಬಿಚ್ಚಿದರು. ಪ್ಲಾಸ್ಟಿಕ್ ಕವರಿನಲ್ಲಿ ಮೂರು ಬಿಳಿ ಫ್ಯೂಸು. "ದೀಪ ಏನಾದ್ರೂ ಅನ್ಲಿ. ಇದು ನನ್ನ ಹತ್ರ ಇರೋವರೆಗೂ ಅದು ಅಲ್ಲಾಡಲ್ಲ."

"ಜೇಬಲ್ಲಿ ಇರ್ಲಿಲ್ಲ..."

"ಜೇಬಲ್ಲಿಟ್ರೆ ನೀನು ಒಗೆಯುವಾಗ ಸಿಕ್ಕಿಬೀಳ್ತೀನಲ್ಲ. ಮಗು ಅಷ್ಟು ಆಸೆಯಿಂದ ಗುಂಡಿ ಮಾಡ್ಕೊಟ್ಟಿದೆ, ಅದೂ ಒತ್ತುತೀನಿ, ಇದೂ ಕೀಳ್ತೀನಿ. ಯಾಕೆ ಬೇಜಾರು ಮಾಡ್ಬೇಕು ಅಂತ ಹೇಳ್ಲಿಲ್ಲ."

ನನ್ನ ಕೈಯಿಂದ ಬಿದ್ದ ಫೋನಿನಲ್ಲಿ ಮಗಳು ಕಿರುಚುತ್ತಲೇ ಇದ್ದಳು. ಇವರು ಅದನ್ನೆತ್ತಿಕೊಂಡು "ಏನಮ್ಮಾ?" ಎಂದದ್ದೇ, ಅವಳು ಬಿಕ್ಕಿ ಬಿಕ್ಕಿ ಎಲ್ಲ ಹೇಳಿದಳು. ಇವರು ಕೇಳಿ, ಒದ್ದೆ ಕೈಯಿಂದ ಮುಖ ಒರೆಸಿಕೊಂಡು ಮುಖವನ್ನೂ ಪಾಚಿ ಮಾಡಿಕೊಂಡರು.

"ಅಳೋದು ಆಮೇಲೆ ಅಳು. ಇವತ್ತು ಇನ್ನೆಷ್ಟು ಜನ ಬಾವಿಯಲ್ಲಿದಾರೆ?"

ಅದು ಅವಳಿಗೆ ಗೊತ್ತಿರಲಿಲ್ಲ, ಗುಂಡಿ ಒತ್ತದೆಯೇ ಇಳಿಯುವವರೂ ಇದ್ದರು. ಅವರವರ ತೊಳೆಯುವ ದಿನ ಅವರವರಿಗೇ ಗೊತ್ತು.

"ಹಂಗಾದ್ರೆ ನಾನು ಒಬ್ಬೊಬ್ಬರಿಗೂ ಹೇಳ್ತಾ ಹೋಗ್ತೀನಿ. ಫ್ಯೂಸು ಕಿತ್ತು ಕೈಯಲ್ಲಿ ಹಿಡಿದಿದೀನಿ ಅಂತ ಅವನು ಬಾಯಲ್ಲಿ ಹೇಳ್ದ ಮೇಲೇ ನೀನು ಅವನ ಪೆಟ್ಟಿಗೆ ಮುಟ್ಟು. ಮುಂಚೆ ಬೇಡ."

ಆ ಕ್ರಮ ಅಷ್ಟು ಸರಳವಾಗಿತ್ತು. ಫ್ಯೂಸಿಲ್ಲದ ಪಂಪಿಗೆ ಪೆಟ್ಟಿಗೆ ಎಷ್ಟು ಸಲ ಆರಿ ಹತ್ತಿದರೇನು? ಇವರು ಒಂದು ಫೋನಿನಲ್ಲಿ ಮಾತಾಡಿದರು. ನಾನು ಇನ್ನೊಂದರಲ್ಲಿ ಮಗಳಿಗೆ ಅಂಕಿ ಹೇಳಿದೆ. ಇಪ್ಪತ್ತಮೂರು, ಆಯಿತು. ಇಪ್ಪತ್ತನಾಲ್ಕು, ಆಯಿತು. ಒಳಗೆ ಬಂದವನು ಇಪ್ಪತ್ತೆರಡರಲ್ಲಿದ್ದ, ನಾವು ಅವನ ಮುಂದೆ ಮುಂದೆ ಬಾಗಿಲು ಹಾಕಿಕೊಂಡು ಹೋದೆವು. ಇಪ್ಪತ್ತಾರರವನು ಫೋನೇ ಎತ್ತಲಿಲ್ಲ. ಏಳನೇ ಸಲಕ್ಕೆ ಎತ್ತಿ, "ಮನುಷ್ಯ ಸಂಡಾಸಿಗೂ ಹೋಗ್ಬಾರ್ದೇನಣ್ಣ?" ಎಂದ. ಇವರು ನಕ್ಕರು, ನನಗೆ ನಗು ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಪೆಟ್ಟಿಗೆ ಮುಗಿಯಿತು.

ಅವನು ಆಗಲೇ ದಾಟಿ ಬಂದಿದ್ದ ಮೊದಲ ಹದಿನೆಂಟರಲ್ಲಿ ಒಂದು ಕಡೆ, ಹನ್ನೆರಡನೆಯದರಲ್ಲಿ, ಒಬ್ಬ ಬಾವಿಗೆ ಇಳಿದಿದ್ದನಂತೆ. ಗುಂಡಿಯನ್ನೇ ನಂಬಿ, ಫ್ಯೂಸು ಹಾಗೇ ಬಿಟ್ಟು. ಪಂಪು ಶುರುವಾಗುವ ಹೊತ್ತಿಗೆ ಅವನು ಟೀ ಕುಡಿಯಲು ಮೇಲೆ ಬಂದಿದ್ದ. ಆ ಟೀಯ ವಿಷಯ ಕೇಳಿದ ಮೇಲೆ ಮಗಳು ಎರಡು ದಿನ ಊಟ ಮಾಡಲಿಲ್ಲ.

ಮೂರನೇ ದಿನ ಇಲಾಖೆಗೆ ಕಾಗದ ಬರೆದಳು. ಬಾಗಿಲು ಇಟ್ಟವಳು ನಾನು, ತೆಗೆಯದೆ ಬಿಟ್ಟವಳೂ ನಾನು ಎಂದು. ಇವರು ಓದಿ, "ಅಪ್ಪ ಕೇಳಿದ್ದಕ್ಕೆ ಇಟ್ಟೆ ಅಂತ ಸೇರಿಸು" ಎಂದರು.

"ನೀವು ಕೇಳ್ಲೇ ಇಲ್ವಲ್ಲಪ್ಪ."

"ಅನ್ನ ಬಿಟ್ಟು ಎದ್ದಿದ್ದು ಮತ್ತೇನು?"

ಅವಳು ಸೇರಿಸಲಿಲ್ಲ. ವಿಚಾರಣೆ ಇನ್ನೂ ನಡೆಯುತ್ತಿದೆ. ಹೊರಕೋಣೆಯ ಮೇಜಿನ ಮೇಲೆ ಈಗ ಏನೂ ಇಲ್ಲ. ಕೆಲಸದಿಂದ ದೂರವಿಡುವ ಮುಂಚೆ ಅವಳು ಪುಟಕ್ಕೆ ಒಂದು ಪ್ರಶ್ನೆ ಸೇರಿಸಿದಳು. ದುರಸ್ತಿ ಗುಂಡಿ ಒತ್ತಿದರೆ ಅದು ಮೊದಲು ಕೇಳುತ್ತದೆ: ಫ್ಯೂಸು ಕೈಯಲ್ಲಿದೆಯೇ?

ಇವರಿಗೂ ಈಗ ಎಲ್ಲರ ಹಾಗೆ ಹನ್ನೆರಡು ಅಕ್ಷರದ ಪಾಸ್‌ವರ್ಡು. ಈ ತಿಂಗಳ ಮಂಗಳವಾರ ನಾನೂ ಜೊತೆಗೆ ಹೋಗಿದ್ದೆ. ಒಂದೇ ಬೆರಳಿನಲ್ಲಿ ಒತ್ತಿದರು, ಮೂರು ಸಲವೂ ತಪ್ಪಿತು. ಕಾಲು ಗಂಟೆ ಕಾಯಿರಿ ಎಂದಿತು ಪುಟ. ಬಾವಿಯ ಕಟ್ಟೆಯ ಮೇಲೆ ಕೂತರು, ಮಡಿಲಲ್ಲಿ ಮೂರು ಫ್ಯೂಸು.

"ನಾನು ಒತ್ತಲೇನ್ರೀ?" ಎಂದೆ.

"ಬೇಡ ಬಿಡು. ಯಾರು ನೀನು ಅಂತ ಚೆನ್ನಾಗಿ ಕೇಳ್ಲಿ," ಎಂದರು.