ಇನ್ನೂ ಮಾಗದ ಬಿಯರ್

"ಇನ್ನೂ ಮಾಗಿಲ್ಲ," ಎಂದ ಓಡಿಲಾನ್, ಬಾಯಿ ಒರೆಸಿಕೊಳ್ಳುತ್ತ. "ನಾಲಿಗೆ ಮೇಲೆ ಒರಟೊರಟು. ಇನ್ನೊಂದು ತಿಂಗಳಾದ್ರೂ ಬೇಕು."

ಹೇಳಿದ್ದು ಹಸಿ ಸುಳ್ಳು. ಗಂಟಲಿಗಿಳಿದ ಬಿಯರಿನಲ್ಲಿ ಒಣದ್ರಾಕ್ಷಿಯ, ಸುಟ್ಟ ಸಕ್ಕರೆಯ ರುಚಿ ಎಷ್ಟು ಹದವಾಗಿ ಕೂಡಿತ್ತೆಂದರೆ ಅವನಿಗೆ ಅಳು ಬರುವಂತಾಗಿತ್ತು. ಹಾಸಿಗೆಯಲ್ಲಿ ಒರಗಿದ್ದ ಹೆಂಡತಿ ಗೊಡೆಲೀವ ಕಣ್ಣು ಮುಚ್ಚಿಕೊಂಡು, "ಸರಿ ಬಿಡು, ಕಾಯೋಣ," ಎಂದಳು.

ಪೊಪೆರಿಂಗೆ ಊರಿನ ಆ ಬೀದಿಯಲ್ಲಿ ಮನೆ ಬಿಯರ್ ಎಂದರೆ ಗೊಡೆಲೀವಳದೇ. ಕುದಿಸುವವಳು ಅವಳು, ಬಾಟಲಿ ತೊಳೆಯುವವನು ಓಡಿಲಾನ್. ಮಾಗಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಮದುವೆಯಾದಂದಿನಿಂದಲೂ ಅವಳ ನಾಲಿಗೆಯದು. ಕಳೆದ ಚಳಿಗಾಲದಲ್ಲಿ ಡಾಕ್ಟರು ಹೊಟ್ಟೆಯಲ್ಲಿ ಗಡ್ಡೆ ಎಂದ ವಾರವೇ ಅವಳು ದೊಡ್ಡ ಹಂಡೆ ಒಲೆಗೇರಿಸಿ ಗಟ್ಟಿ ಕಪ್ಪು ಬಿಯರ್ ಮಾಡಿದಳು. "ಇದು ನನ್ನ ಮಣ್ಣಿನ ದಿನಕ್ಕೆ," ಎಂದಿದ್ದಳು. ಮಣ್ಣು ಮುಗಿಸಿ ಬಂದವರಿಗೆ ಬ್ರೆಡ್ಡು, ಕಾಫಿ, ಆಮೇಲೆ ಬಿಯರ್ ಕೊಡುವುದು ಊರ ವಾಡಿಕೆ. "ಅಂಗಡೀದು ಕೊಟ್ಯೋ, ಪೆಟ್ಟಿಗೆಯಿಂದ ಎದ್ದು ಬಂದು ಬಯ್ತೀನಿ. ಇದು ಮಾಗೋವರೆಗೂ ಹೇಗೋ ಜೀವ ಹಿಡ್ಕೊಂಡಿರ್ತೀನಿ."

ಹಾಗೆಯೇ ಹಿಡಿದುಕೊಂಡಿದ್ದಳು. ಅದೇ ಈಗ ಸಂಕಟ. ಔಷಧಿಯಿಂದ ಅವಳ ನಾಲಿಗೆ ಸತ್ತುಹೋಗಿತ್ತು; ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನು ಹೇಳಿದ್ದೇ ತೀರ್ಪು. ಬಿಯರು ಬೇಸಿಗೆಯ ಕೊನೆಗೇ ಮಾಗಿತ್ತು. ಓಡಿಲಾನ್ ಮಾತ್ರ ಪ್ರತಿ ಭಾನುವಾರ ನೆಲಮಾಳಿಗೆಯಿಂದ ಒಂದು ಬಾಟಲಿ ತಂದು, ಅವಳೆದುರೇ ಕುಡಿದು, ಇಲ್ಲ ಎನ್ನುತ್ತಿದ್ದ. ನೋವು ಬಂದಾಗ ಅವಳು ದಿಂಬು ಕಚ್ಚುವುದನ್ನು ನೋಡಿದರೆ ಅವನ ಕರುಳು ಕಿತ್ತು ಬರುತ್ತಿತ್ತು. ಆದರೂ ಭಾನುವಾರ ಬಂದರೆ ಅದೇ ಸುಳ್ಳು. ಅವಳಿಲ್ಲದ ಮನೆಯಲ್ಲಿ ಅವನಿಗೆ ಇರಲು ಬರುತ್ತಿರಲಿಲ್ಲ, ಅಷ್ಟೇ.

"ಗ್ಲಾಸು ಇಲ್ಲಿ ಕೊಡು," ಎಂದಳು ಗೊಡೆಲೀವ.

"ನಿಂಗೆ ರುಚಿ ಗೊತ್ತಾಗಲ್ವಲ್ಲ, ಯಾಕೆ?"

"ಕಣ್ಣೇನೂ ಹೋಗಿಲ್ಲ ಮುದುಕಾ."

ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಷ್ಟು ಹೊತ್ತಾದರೂ ನೊರೆ ಇಳಿದಿರಲಿಲ್ಲ. ಹಾಲಿನ ಕೆನೆಯಂತೆ ಗಾಜಿಗೆ ಅಂಟಿತ್ತು. ಹಸಿ ಬಿಯರಿನ ನೊರೆ ಹಾಗೆ ನಿಲ್ಲುವುದಿಲ್ಲ.

"ಎಷ್ಟು ದಿನದಿಂದ ಹೀಗಿದೆ?"

ಓಡಿಲಾನ್ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ನಿನ್ನನ್ನೇ ಕೇಳ್ತಿರೋದು."

"ಕ್ರಿಸ್‌ಮಸ್‌ವರೆಗೆ ಇಡೋಣ ಗೊಡೆಲೀವ. ಇನ್ನೂ ಚೆನ್ನಾಗಾಗುತ್ತೆ. ನಿನ್ನ ಕಾಲಿಗೆ ಬೀಳ್ತೀನಿ."

"ಜಾಸ್ತಿ ಇಟ್ರೆ ಒದ್ದೆ ರಟ್ಟಿನ ರುಚಿ ಬರುತ್ತೆ. ಬಂದೋರು ಮುಖ ಹಿಂಡ್ಕೊಂಡು ಕುಡೀಬೇಕಾ?" ಉಸಿರು ಸಿಗದೆ ಸ್ವಲ್ಪ ತಡೆದಳು. "ನಂಗೆ ಸಾಕಾಗಿದೆ ಕಣೋ. ನಿಜವಾಗ್ಲೂ ಸಾಕಾಗಿದೆ. ನೀನು ಇಲ್ಲ ಇಲ್ಲ ಅಂತೀಯಲ್ಲ, ಅದಕ್ಕೇ ಹಲ್ಲು ಕಚ್ಕೊಂಡು ಎಳೀತಿದೀನಿ."

ಅವನು ಮಂಚದ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ಬೋಳು ತಲೆಯ ಮೇಲೆ ಇಟ್ಟ ಕೈಯನ್ನು ಅಳು ನಿಲ್ಲುವವರೆಗೂ ತೆಗೆಯಲಿಲ್ಲ.

"ಈಗ ಹೇಳು. ಹೇಗಿದೆ ಬಿಯರ್?"

"ಮಾಗಿದೆ," ಎಂದ.

"ಹಾಗಿದ್ರೆ ಮೇಲೆ ತಂದು ಅಡುಗೆಮನೆ ಪಕ್ಕದ ತಣ್ಣನೆ ಕೋಣೇಲಿ ನಿಲ್ಲಿಸು. ಗಸಿ ತಳಕ್ಕೆ ಕೂರಬೇಕು. ಕೊನೇ ಗಳಿಗೇಲಿ ತಂದ್ರೆ ಎಲ್ಲಾ ಕದಡಿ ಹೋಗುತ್ತೆ."

ಓಡಿಲಾನ್ ನೆಲಮಾಳಿಗೆಗೆ ಇಳಿದ. ಬಾಟಲಿಗಳು ಮರದ ಕ್ರೇಟುಗಳಲ್ಲಿದ್ದವು. ಒಂದು ಕ್ರೇಟು ಎತ್ತುವ ಶಕ್ತಿ ಅವನಿಗಿನ್ನೂ ಇತ್ತು. ಎತ್ತಲಿಲ್ಲ. ಒಂದು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ, ತಣ್ಣನೆಯ ಕೋಣೆಯಲ್ಲಿಟ್ಟ, ಮತ್ತೆ ಇಳಿದ.

"ಒಂದೊಂದೇ ತರ್ತಿದೀಯಾ?" ಹಾಸಿಗೆಯಿಂದ ಗೊಡೆಲೀವ ಕೂಗಿ ಕೇಳಿದಳು.

"ಹೂಂ. ಕುಲುಕಬಾರದಲ್ಲ."

ಅವಳು ಬಯ್ಯಲಿಲ್ಲ. ಅವನು ಇನ್ನೊಂದನ್ನು ತರಲು ಇಳಿದ.