ಲಿಂಗಕ್ಕೆ ಎರೆಯದ ನೀರು

ನೀರಿನ ಕ್ಯಾನಿಗೆ ಮೂವತ್ತೈದು, ತಿಂಗಳಿಗೆ ಹನ್ನೆರಡು ಕ್ಯಾನು, ಅಲ್ಲಿಗೆ ನಾನೂರ ಇಪ್ಪತ್ತು, ಸತ್ಯಮಂಗಲದ ಈ ಮನೆಗೆ ನಲವತ್ತೆರಡು ಲಕ್ಷ ಬಂದರೆ ಗುಬ್ಬಿಯಲ್ಲಿ ನೋಡಿಟ್ಟ ಮನೆಗೆ ಮೂವತ್ತೆಂಟು — ಕೂಡಿ ಕಳೆಯುತ್ತಲೇ ಗಂಗಾಂಬಿಕೆ ಸ್ಟೀಲ್ ಚೊಂಬಿಗೆ ಹುಣಿಸೆಹಣ್ಣು ಹಾಕಿ ತಿಕ್ಕುತ್ತಾಳೆ, ಕುತ್ತಿಗೆಯ ಸುತ್ತ ತುಕ್ಕಿನ ಬಣ್ಣದ ಗೆರೆ, ಎಷ್ಟು ತಿಕ್ಕಿದರೂ ಹೋಗದು, ಹಿಂದಿನ ಬೀದಿಯಲ್ಲಿ ಕಬ್ಬಿಣಕ್ಕೆ ಪಾಲೀಶ್ ಹಾಕುವ ಶೆಡ್ಡು ಬಂದು ಅದರ ಆಸಿಡ್ ನೀರು ನೆಲಕ್ಕಿಳಿದ ಮೇಲೆ ಕೂತ ಗೆರೆ, ತೀರಿಹೋದ ಯಜಮಾನರು ಇದೇ ಬೋರಿನ ನೀರು ಕುಡಿದು ಎಳನೀರು ಕಣೇ ಅನ್ನುತ್ತಿದ್ದರು, ಈಗ ಬೇಳೆ ಬೇಯುವುದಿಲ್ಲ, ಕರಿಬೇವಿನ ಗಿಡ ನಿಂತಲ್ಲೇ ಒಣಗಿತು — ಹೊರಗೆ ಬೈಕು ನಿಂತ ಸದ್ದು, ದಲ್ಲಾಳಿ ರೇಣುಕಾಪ್ರಸಾದನದೇ, ನಿನ್ನೆಯೇ ಹೇಳಿಕೊಟ್ಟಿದ್ದ, ಬಂದೋರಿಗೆ ಕ್ಯಾನ್ ನೀರು ಕೊಟ್ಬುಡಿ ಅಮ್ಮಾ, ಬೋರ್ ಹೆಂಗೆ ಅಂದ್ರೆ ಬೇಸಿಗೇಲೂ ಬತ್ತಲ್ಲ ಅನ್ನಿ, ಸುಳ್ಳೇನಲ್ವಲ್ಲ. ಸುಳ್ಳಲ್ಲ, ಬತ್ತುವುದಿಲ್ಲ, ಬತ್ತಿದ್ದರೆ ಚೆನ್ನಾಗಿತ್ತು.

ಅವನ ಜೊತೆ ಮನೆ ನೋಡಲು ಬಂದವಳು ಕುಣಿಗಲ್ ಕಡೆಯ ರೂಪಶ್ರೀ, ಬ್ಯಾಂಕಿನಲ್ಲಿ ಕೆಲಸ, ಹಣೆಯಲ್ಲಿ ತೆಳ್ಳಗೆ ವಿಭೂತಿ, ನಮ್ಮವಳೇ, ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು ಕ್ಯಾನ್ ನೀರು ಕುಡಿದಳು, ಏನ್ ಸಿಹಿಯಾಗಿದೆ ಆಂಟಿ, ಬೋರ್‌ದೇ ಮೇಡಂ ಎಂದು ರೇಣುಕಾಪ್ರಸಾದ್ ನಡುವೆ ಬಾಯಿ ಹಾಕಿದ, ಅಡ್ವಾನ್ಸ್ ಇವತ್ತೇ ಮಾಡ್ಕಳಿ — ಅಷ್ಟಕ್ಕೇ ಮುಗಿದಿದ್ದರೆ ಗುಬ್ಬಿ, ಬೇಳೆ ಬೇಯುವ ನೀರು, ಒಂದು ಕರಿಬೇವಿನ ಗಿಡ — ಆದರೆ ಹುಡುಗಿ ದೇವರ ಮನೆಯೊಳಗೆ ಇಣುಕಿ, ಲಿಂಗಪೂಜೆಗೂ ಇದೇ ಬೋರ್ ನೀರೇನಾ ಆಂಟಿ ಎಂದುಬಿಟ್ಟಳು. ಗಂಗಾಂಬಿಕೆಯ ಅತ್ತೆಯೂ ಕಾಲಿಟ್ಟ ಮನೆಯಲ್ಲೆಲ್ಲ ಮೊದಲು ಇದನ್ನೇ ಕೇಳುತ್ತಿದ್ದರು. ಎಂಟು ತಿಂಗಳಿಂದ ಅಂಗೈಯ ಲಿಂಗಕ್ಕೆ ಕ್ಯಾನ್ ನೀರೇ, ಎರೆದದ್ದನ್ನು ತೀರ್ಥವೆಂದು ತಾನೇ ಕುಡಿಯಬೇಕಲ್ಲ, ಶಿವನಿಗೆ ಬೇಡವಾದದ್ದನ್ನು ಈ ಮಗುವಿಗೆ ಮಾರುವುದೇ, ನಾಲಿಗೆ ಹಿಡಿದರೆ ಗುಬ್ಬಿ, ಬಿಟ್ಟರೆ — ಇಲ್ಲ ಕಣಮ್ಮ, ಪೂಜೆಗೆ ಕ್ಯಾನ್ ನೀರು, ನೀನು ಕುಡಿದಿದ್ದೂ ಕ್ಯಾನ್‌ದೇ, ಬಾ ಬೋರ್‌ದು ತೋರಿಸ್ತೀನಿ ಎಂದಳು, ಅಮ್ಮಾ ಏನ್ ಮಾಡ್ತಿದೀರಾ ಎಂದು ರೇಣುಕಾಪ್ರಸಾದ್ ಎದ್ದೇಬಿಟ್ಟ, ಸುಮ್ನಿರಪ್ಪ, ನಿನ್ ಕಮಿಷನ್ ಇನ್ನೊಂದು ಮನೇಲಿ ಸಿಗುತ್ತೆ ಎಂದು ಗಂಗಾಂಬಿಕೆ ನಲ್ಲಿ ತಿರುಗಿಸಿದಳು, ಚೊಂಬು ತುಂಬಿತು, ನೀರಿನ ಮೇಲೆ ಬಣ್ಣಬಣ್ಣದ ತೆಳು ಕೆನೆ, ರೂಪಶ್ರೀ ಮೂಗು ಹತ್ತಿರ ತಂದು ಹಿಂದೆ ಸರಿದಳು, ಆಂಟಿ, ನೀವು ಹೇಳ್ದೇ ಇದ್ದಿದ್ರೆ, ಎಂದು ಕೈ ಮುಗಿದು ಚಪ್ಪಲಿ ಮೆಟ್ಟಿದಳು.

ಬೈಕು ಹೋಯಿತು, ನಾಳೆ ಬರುವವರಿಗೂ ಮೊದಲು ತೋರಿಸುವುದು ಇದೇ ಚೊಂಬು, ಅರ್ಧ ಬೆಲೆಗೆ ಕೇಳಲಿ, ಕಾಲು ಬೆಲೆಗೆ ಕೇಳಲಿ, ನೀರು ನೋಡಿ ಕೇಳಲಿ, ಕೈ ಮತ್ತೆ ಹುಣಿಸೆಹಣ್ಣಿಗೆ ಹೋಯಿತು, ನಲವತ್ತೆರಡು ಲಕ್ಷ ಹೋಯಿತು, ಗುಬ್ಬಿಯ ಮನೆ ಹೋಯಿತು, ಉಳಿದದ್ದು ಈ ಮನೆ, ಈ ಬೋರು, ಚೊಂಬಿನ ಕುತ್ತಿಗೆಯ ಸುತ್ತ ಆ ಗೆರೆ.